ಕುಚ್ಚಲಕ್ಕಿ ಬ್ಲಾಕಿನಲ್ಲಿ ಮತಯಾಚನೆ

ಕ್ಯಾಂಪ್ ಬಾಸ್ ಎಂಬ ಹುದ್ದೆಗೆ ಈಗ ‘ವಸತಿ ಮತ್ತು ಕಲ್ಯಾಣ ವ್ಯವಸ್ಥಾಪಕ’ ಎಂಬ ಉದ್ದನೆಯ ಹೆಸರು ಬಂದಿದೆಯೆಂದೂ, ಅದಕ್ಕೊಂದು ಡಿಪ್ಲೊಮಾ ಕೂಡ ಇದೆಯೆಂದೂ ಇತ್ತೀಚೆಗೆ ತಿಳಿಯಿತು. ಆ ಡಿಪ್ಲೊಮಾ ಮುಗಿಸಿ ಮಸ್ಕತ್ತಿಗೆ ಹೊರಟ ಮಕ್ಕಳಿಬ್ಬರು ನನ್ನ ಬಳಿ ಬಂದು, “ಅಂಕಲ್, ಕೆಲಸ ನಿಜವಾಗಿ ಹೇಗಿರುತ್ತೆ?” ಎಂದು ಕೇಳಿದರು. ಬಾಯಲ್ಲಿ ಹೇಳಿದರೆ ತಲೆಯಾಡಿಸಿ ಮರೆತುಬಿಡುತ್ತಾರೆ. ಬರೆದುಕೊಟ್ಟರೆ ಕನಿಷ್ಠ ಓದದೆಯಾದರೂ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಬಡ್ತಿಯ ಕಥೆಗಳನ್ನು ಬಿಟ್ಟುಬಿಡುತ್ತೇನೆ. ನನಗೆ ಎರಡು ಬಾರಿ ಬಡ್ತಿಯಾಯಿತು. ಎರಡು ಬಾರಿಯೂ ಮೇಜು ದೊಡ್ಡದಾಯಿತು, ಫ್ಯಾನು ದೂರವಾಯಿತು. ಅದರಿಂದ ಮುಂದಿನ ಪೀಳಿಗೆ ಕಲಿಯುವಂಥದ್ದು ಏನೂ ಇಲ್ಲ.

ನಾನು ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ, ಕಟ್ಟಡ ಕಟ್ಟುವ ಒಂದು ಕಂಪನಿಗೆ. ಮಸ್ಕತ್ತಿನ ವಾದಿ ಕಬೀರಿನ ಗ್ಯಾರೇಜುಗಳ ಬೆನ್ನಿಗೆ, ಬೋಳು ಗುಡ್ಡದ ಬುಡದಲ್ಲಿ ನಮ್ಮ ಕಾರ್ಮಿಕರ ಕ್ಯಾಂಪು. ಕ್ಯಾಂಪ್ ಬಾಸ್ ಎಂದರೆ ಬೀಗದ ಕೈ, ನೀರು, ಹಾಸಿಗೆ, ತಿಗಣೆ, ಊಟ ಮತ್ತು ಜಗಳ, ಇಷ್ಟರ ಸರ್ವಾಧಿಕಾರಿ. ಇವುಗಳಲ್ಲಿ ಯಾವುದೂ ಅವನ ಮಾತು ಕೇಳುವುದಿಲ್ಲ ಎಂಬುದು ಬೇರೆ ವಿಷಯ.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನೊಂದು ಉಪಕಾರ ಮಾಡಿದೆ. ಉಡುಪಿಯ ಆಚೆಯ ಒಂದೇ ಊರಿನವರು ಇಬ್ಬರು ಬೇರೆ ಬೇರೆ ಕೋಣೆಗಳಲ್ಲಿ ಇದ್ದುದನ್ನು ಕಂಡು, ಪಾಪ, ಊರಿನ ಮಾತು ಆಡಿಕೊಂಡಿರಲಿ ಎಂದು ಒಂದೇ ಕೋಣೆಗೆ ಹಾಕಿದೆ. ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಹೋದರು. ಮರುದಿನ ಬೆಳಿಗ್ಗೆ ಕೋಣೆಯ ನಡುವೆ ಸುಣ್ಣದ ಗೆರೆಯೊಂದು ಬಿದ್ದಿತ್ತು. ಆಮೇಲೆ ತಿಳಿಯಿತು: ಎರಡೂ ಮನೆಗಳ ನಡುವೆ ಬೇಲಿಯ ವಿಚಾರಕ್ಕೆ ಅಜ್ಜಂದಿರ ಕಾಲದಿಂದ ಮೊಕದ್ದಮೆ. ಇಬ್ಬರೂ ಒಮಾನಿಗೆ ಬಂದದ್ದೇ ವಕೀಲರ ಫೀಸು ದುಡಿಯಲು. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಕೋಣೆ ಹಂಚುವ ಕೆಲಸ ಕಂಪ್ಯೂಟರಿಗೆ ಹೋಯಿತು. ಅದು ಮೊದಲನೆಯ ವಾರವೇ ಗೊರಕೆ ಹೊಡೆಯುವ ಮೂವರನ್ನೇ ಒಂದು ಕೋಣೆಗೆ ಹಾಕಿತು. ಅವರು ಪರಮ ಸುಖದಲ್ಲಿದ್ದರು. ಯಂತ್ರಕ್ಕೆ ಕರುಣೆ ಇಲ್ಲದಿರುವುದರಿಂದ ಕೆಲವು ಲಾಭಗಳುಂಟು.

ನಮ್ಮಲ್ಲಿ ಒಂದು ಊಟದ ಸಮಿತಿಯಿತ್ತು. ಇದರ ಹುಟ್ಟಿಗೆ ಕಾರಣ ಚಹಾ. ಆಡಳಿತದವರು ಒಂದು ದಿನ ಯಾರನ್ನೂ ಕೇಳದೆ ದೊಡ್ಡ ಹಂಡೆಯ ಕಡಕ್ ಚಹಾ ನಿಲ್ಲಿಸಿ, ದಾರ ಕಟ್ಟಿದ ಚಹಾ ಚೀಲಗಳನ್ನು ಇಟ್ಟರು. ಅಂದು ಕ್ಯಾಂಪಿನಲ್ಲಿ ಯಾರೂ ಗಲಾಟೆ ಮಾಡಲಿಲ್ಲ. ಯಾರೂ ಮಾತೇ ಆಡಲಿಲ್ಲ. ನಾಲ್ಕು ದಿನ ಕ್ಯಾಂಪು ಸಾವಿನ ಮನೆಯಂತಿತ್ತು. ಐದನೆಯ ದಿನ ಹಂಡೆ ವಾಪಸಾಯಿತು. ಆಗ ನಮ್ಮ ಸಿಬ್ಬಂದಿ ವ್ಯವಸ್ಥಾಪಕ ಖಮೀಸ್ ನನ್ನನ್ನು ಕರೆದರು. ಅವರು ಒಮಾನಿ, ಬೊಂಬಾಯಿಯಲ್ಲಿ ಓದಿದವರು, ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು.

“ರಾವ್ ಸಾಬ್, ಇನ್ನು ಮೇಲೆ ಊಟದಲ್ಲಿ ಏನು ಬದಲಾಗಬೇಕಾದರೂ ಇವರೇ ಒಪ್ಪಲಿ. ಒಂದು ಕಮಿಟಿ ಮಾಡಿ. ಆದರೆ ಪಾಲಿಟಿಕ್ಸ್ ಮಾಫಿ!” ಎಂದು ಬೆರಳು ಆಡಿಸಿದರು. ಮಾಫಿ ಎಂದರೆ ಇಲ್ಲ, ಇರಲೇಬಾರದು. “ಖಾನೇ ಕೀ ಬಾತ್, ಖಲಾಸ್.” ಊಟದ ಮಾತು ಮಾತ್ರ, ಅಲ್ಲಿಗೆ ಮುಗಿಯಿತು.

ಆದ್ದರಿಂದ ನಮ್ಮಲ್ಲಿ ಪಕ್ಷಗಳಿರಲಿಲ್ಲ, ಪ್ರಚಾರವಿರಲಿಲ್ಲ, ಚುನಾವಣೆಯಂತೂ ಇರಲೇ ಇಲ್ಲ. ವರ್ಷಕ್ಕೊಮ್ಮೆ ತುಪ್ಪದ ಖಾಲಿ ಡಬ್ಬದೊಳಗೆ ಚೀಟಿ ಹಾಕುವುದಿತ್ತು, ಅಷ್ಟೆ. ಸಂವಿಧಾನ ಬರೆದವನು ನಾನು. ಕ್ಯಾಂಪಿನಲ್ಲಿ ಐದು ಬ್ಲಾಕುಗಳಿದ್ದವು. ಬ್ಲಾಕಿಗೊಬ್ಬ ಪ್ರತಿನಿಧಿ ಎಂದು ಬರೆದೆ. ಯಾವ ಬ್ಲಾಕಿನಲ್ಲಿ ಎಷ್ಟು ಜನರಿದ್ದಾರೆ ಎಂದು ನೋಡಲಿಲ್ಲ. ಕೊಳಾಯಿಗಳನ್ನೂ ಬ್ಲಾಕಿಗೆ ಇಷ್ಟು ಎಂದೇ ಹಾಕಿದ್ದರಲ್ಲ, ಅದೇ ಪದ್ಧತಿ ಪ್ರಜಾಪ್ರಭುತ್ವಕ್ಕೂ ಸಾಕು ಎಂದುಕೊಂಡೆ.

ಎಂಬತ್ತರ ದಶಕದ ನಡುವೆ ಕಂಪನಿಗೆ ಬರ್ಕಾದಲ್ಲಿ ದೊಡ್ಡ ಕೆಲಸ ಸಿಕ್ಕಿತು. ಎರಡು ಬ್ಲಾಕಿನ ಜನ, ಕ್ಯಾಂಪಿನ ಅರ್ಧಕ್ಕಿಂತ ಹೆಚ್ಚು, ದಿನಾ ಮುಂಜಾನೆ ಬಸ್ಸು ಹತ್ತಿ ಕಡಲ ತೀರದ ಆ ಊರಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಅವರ ಮಧ್ಯಾಹ್ನದ ಊಟವೂ ಅದೇ ಬಸ್ಸಿನಲ್ಲಿ ಹೋಗುತ್ತಿತ್ತು. ನಸುಕಿನಲ್ಲಿ ಬೇಯಿಸಿದ ಅನ್ನ, ಸಾಂಬಾರು. ತಿನ್ನುವ ಹೊತ್ತಿಗೆ ನೆತ್ತಿಯ ಮೇಲೆ ಬಾತಿನಾ ಎಂಬ ಆ ಕರಾವಳಿ ಬಯಲಿನ ಜೂನ್ ತಿಂಗಳ ಸೂರ್ಯ. ಡಬ್ಬದ ಮುಚ್ಚಳ ತೆರೆದರೆ ಒಳಗಿನಿಂದ ನಿಟ್ಟುಸಿರಿನಂಥ ಸದ್ದು ಬರುತ್ತಿತ್ತು. ಒಬ್ಬ ಹುಡುಗ, ಕಬ್ಬಿಣ ಕಟ್ಟುವ ದಯಾನಂದ, ಹಳಸಿದ ಸಾಂಬಾರು ತಿಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ. ಆಮೇಲೆ ಅನೇಕರು ಮಧ್ಯಾಹ್ನ ಬರೀ ನೀರು ಕುಡಿದು ಕೆಲಸ ಮಾಡತೊಡಗಿದರು. ಊಟವನ್ನು ಬರ್ಕಾದ ಆಡುಗಳಿಗೆ ಹಾಕುತ್ತಿದ್ದರು. ಕ್ರಮೇಣ ಆಡುಗಳೂ ಮೊದಲು ಮೂಸಿ ನೋಡಲು ಕಲಿತವು.

ಮಧ್ಯಾಹ್ನ ವ್ಯಾನಿನಲ್ಲಿ ಬಿಸಿಯೂಟ ಕಳಿಸಬಾರದೇ ಎಂದು ನಾನು ಕೇಳಿದೆ. ವ್ಯಾನುಗಳೆಲ್ಲ ಆ ಹೊತ್ತಿಗೆ ಸಿಮೆಂಟು ಹೊರುತ್ತಿರುತ್ತವೆ ಎಂದರು ಕಚೇರಿಯವರು. ಉಳಿದ ದಾರಿ ಒಂದೇ: ಬರ್ಕಾದಲ್ಲೇ ಒಂದು ಅಡುಗೆಮನೆ, ಇಲ್ಲಿಯ ಅಡುಗೆಯವರಲ್ಲಿ ಅರ್ಧ ಜನ ಅಲ್ಲಿಗೆ. ಖಮೀಸ್ ಒಪ್ಪಿದರು. “ಆದರೆ ಕಮಿಟಿ ಪಾಸ್ ಮಾಡಲಿ. ನನಗೆ ಇನ್ನೊಂದು ಚಹಾ ಪ್ರಕರಣ ಬೇಡ.”

ಸಮಿತಿಯಲ್ಲಿ ಬರ್ಕಾಕ್ಕೆ ಹೋಗುವವರ ಬ್ಲಾಕು ಎರಡು. ಇಲ್ಲೇ ಉಳಿಯುವವರದು ಮೂರು: ಡ್ರೈವರುಗಳು, ಬಡಗಿಗಳು ಮತ್ತು ಗ್ಯಾರೇಜಿನವರು. ಈ ಮೂರೂ ಬ್ಲಾಕುಗಳ ಜನ ಒಟ್ಟು ಸೇರಿದರೂ ಬರ್ಕಾದವರಷ್ಟು ಆಗುವುದಿಲ್ಲ. ಆದರೆ ಸಮಿತಿಯಲ್ಲಿ ಅವರೇ ಮೂವರು, ಮೂವರೂ ಬೇಡ ಎಂದರು. ನನ್ನ ಸಂವಿಧಾನದ ಪ್ರತಿಭೆ ಆಗ ಎಲ್ಲರಿಗೂ ಗೋಚರಿಸಿತು.

ಗ್ಯಾರೇಜ್ ಬ್ಲಾಕಿನ ಹಿರಿಯರೂ ಪ್ರತಿನಿಧಿಯೂ ಸಂಜೀವಣ್ಣ. ಮುಖ್ಯ ಮೆಕ್ಯಾನಿಕ್, ಕಾಪು ಕಡೆಯವರು, ಮನೆಮಾತು ತುಳು. ಎಂಜಿನ್ನಿನ ಮೇಲೆ ಕೈಯಿಟ್ಟು ರೋಗ ಹೇಳುವರೆಂಬ ಖ್ಯಾತಿ. ಆ ಕೈಯ ಸುಟ್ಟ ಗಾಯಗಳೇ ಅದರ ಪುರಾವೆ. ಆ ಬ್ಲಾಕಿನ ಅರ್ಧ ಜನಕ್ಕೆ ವೀಸಾ ತರಿಸಿದವರು ಅವರೇ. ಅವರು ಬೇಡ ಎಂದರೆ ಡ್ರೈವರುಗಳೂ ಬಡಗಿಗಳೂ ಬೇಡ ಎನ್ನುತ್ತಿದ್ದರು. ಹಳೆಯದು ಇದ್ದ ಹಾಗೆ ಇರಲಿ ಎಂಬುದು ಅವರ ಧರ್ಮ.

ಬರ್ಕಾದವರ ಮುಖಂಡ ಸದಾಶಿವ, ಅವರ ಇಬ್ಬರು ಪ್ರತಿನಿಧಿಗಳಲ್ಲೊಬ್ಬ; ಮೈಸೂರಿನವನು, ಕಟ್ಟಡದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಓದಿದವನು, ನ್ಯಾಯವಂತ, ಮಾತುಗಾರ. ಈ ಮೂರೂ ಗುಣ ಒಬ್ಬನಲ್ಲೇ ಸೇರಿದರೆ ಆಗುವ ಅಪಾಯಕ್ಕೆ ಅವನು ಜೀವಂತ ನಿದರ್ಶನ. ಗ್ಯಾರೇಜ್ ಬ್ಲಾಕನ್ನು ಗೆಲ್ಲಬೇಕೆಂದು ಹೊರಟ. ಆ ಬ್ಲಾಕಿನಲ್ಲೇ ಮಲಗುತ್ತಿದ್ದ ಬೆಂಗಳೂರಿನ ಎಸಿ ರಿಪೇರಿಯವನೊಬ್ಬನನ್ನು ಸಂಜೀವಣ್ಣನ ಎದುರು ಚೀಟಿಗೆ ನಿಲ್ಲಿಸಿದ. ಚೀಟಿ ಹಾಕುವ ಹಿಂದಿನ ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ತಾನೇ ಹೋಗಿ, ತಟ್ಟೆ ಹಿಡಿದು ಕುಳಿತ ಜನರ ನಡುವೆ ನಿಂತು ಭಾಷಣ ಮಾಡಿದ. ಶಾಂತಿ ಕಾಪಾಡಲು ನಾನೂ ಹೋಗಿದ್ದೆ.

ಬರ್ಕಾದ ಜನರ ಕಷ್ಟವನ್ನು ಅವನು ಚೆನ್ನಾಗಿಯೇ ಹೇಳಿದ. ಜನ ಕೇಳುತ್ತಲೂ ಇದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಒಮಾನಿನ ಚರಿತ್ರೆ ಬೇರೆಯೇ ಆಗುತ್ತಿತ್ತು. ಆದರೆ ಅವನು ಎರಡೂ ಅಡುಗೆಮನೆಗಳ ಖರ್ಚು ಹೊಂದಿಸುವ ಯೋಜನೆಯನ್ನೂ ವಿವರಿಸಲು ಹೋದ. “ಕುಚ್ಚಲಕ್ಕಿ ಬೇಯೋಕೆ ಬಿಳಿ ಅಕ್ಕಿಯ ಎರಡರಷ್ಟು ಗ್ಯಾಸು ಬೇಕು. ಎಲ್ಲರೂ ಬಿಳಿ ಅಕ್ಕಿಗೆ ಬಂದುಬಿಟ್ರೆ ಎಲ್ಲಾ ಸಮಸ್ಯೆ ಬಗೆಹರಿಯುತ್ತೆ. ಈಗ ಪ್ರಪಂಚಾನೇ ಬಿಳಿ ಅಕ್ಕಿ ತಿಂತಿದೆ.”

ಕರಾವಳಿಯವನಲ್ಲದ ಓದುಗನಿಗೆ ಒಂದು ಮಾತು. ಕುಚ್ಚಲಕ್ಕಿ ಎಂದರೆ ಬತ್ತವನ್ನು ಸಿಪ್ಪೆಸಹಿತ ಬೇಯಿಸಿ ಒಣಗಿಸಿ ಮಾಡಿದ ದಪ್ಪ ಕೆಂಪು ಅಕ್ಕಿ. ಅದು ಅಕ್ಕಿ ಮಾತ್ರವಲ್ಲ. ಅದನ್ನು ಬಿಟ್ಟು ಮೂರು ದಿನ ಇದ್ದರೆ ಕರಾವಳಿಯ ಮನುಷ್ಯನಿಗೆ ಹೊಟ್ಟೆ ತುಂಬಿದರೂ ಊಟವಾಗಿರುವುದಿಲ್ಲ.

ಸಂಜೀವಣ್ಣ ತಟ್ಟೆ ಕೆಳಗಿಟ್ಟರು. “ಎಂತ ಹೇಳುದು ನೀವು? ಸಣ್ಣದಿರುವಾಗಿನಿಂದ ಇದನ್ನೇ ತಿಂದು ನಮಗೆ ಬುದ್ಧಿ ಬರ್ಲಿಲ್ಲ ಅಂತವಾ?”

“ಹಾಗಲ್ಲ ಸಂಜೀವಣ್ಣ, ವೈಜ್ಞಾನಿಕವಾಗಿ ನೋಡಿದ್ರೆ...”

“ವೈಜ್ಞಾನಿಕವಾಗಿ ನೋಡಿದ್ರೆ ನಿಮ್ಮ ಊಟ ತಣಿತದೆ. ಹೋಗಿ ಮಾರಾಯ್ರೆ.”

ಎಸಿ ರಿಪೇರಿಯವನಿಗೆ ಮೂರು ಚೀಟಿ ಬಿದ್ದವು. ಒಂದು ಅವನದೇ. ಉಳಿದೆರಡು ಯಾರವೆಂದು ಬ್ಲಾಕಿನಲ್ಲಿ ವಾರಗಟ್ಟಲೆ ತನಿಖೆ ನಡೆಯಿತು.

ಈಗ ನನ್ನ ಮೇಲಧಿಕಾರಿಗಳಲ್ಲಿ ಒಬ್ಬರನ್ನು ಪರಿಚಯಿಸಬೇಕು. ಬರ್ಕಾ ಕೆಲಸದ ಮುಖ್ಯಸ್ಥರಾಗಿ ಬಂದ ವೆಸ್ಲಿ ಸಾಹೇಬರು ಅಮೆರಿಕದ ನಡುಮಧ್ಯದ, ಗೋಧಿಯೂ ದನಗಳೂ ಮನುಷ್ಯರಿಗಿಂತ ಹೆಚ್ಚಿರುವ ರಾಜ್ಯವೊಂದರವರು. ಅಲ್ಲಿಯ ಜನ ಶನಿವಾರ ಬೇಟೆಗೆ, ಭಾನುವಾರ ಇಗರ್ಜಿಗೆ ಹೋಗುವವರು. ತಾತಂದಿರು ಯಾವ ಪಕ್ಷಕ್ಕೆ ಮತ ಹಾಕಿದರೋ ಅದಕ್ಕೇ ಹಾಕುವವರು. ಅಂಥ ಕಡೆ ಇವರು ಎದುರಿನ ಪಕ್ಷದಿಂದ, ಅಂದರೆ ಡೆಮಾಕ್ರಟ್ ಆಗಿ, ಶಾಸನಸಭೆಗೆ ಎರಡು ಸಲ ನಿಂತು ಎರಡು ಸಲವೂ ಸೋತಿದ್ದರು. ತಮ್ಮ ಪಕ್ಷದ ಗುರುತು ಕತ್ತೆ ಎಂದು ಅವರು ಹೇಳಿದಾಗ, ಎದುರಾಳಿಗಳು ಹಾಗೆ ಬೈದಿರಬೇಕೆಂದು ತಿಳಿದು ನಾನು ಸಹಾನುಭೂತಿ ಸೂಚಿಸಿದೆ. “ಇಲ್ಲ ರಾವ್, ಬೈದದ್ದು ಅವರೇ ಇರಬಹುದು, ನಾವು ಹೆಮ್ಮೆಯಿಂದ ಇಟ್ಟುಕೊಂಡಿದ್ದೇವೆ” ಎಂದರು. ಅಂಥ ಪಕ್ಷದಿಂದ ಏನಾದರೂ ಕಲಿಯುವುದಿರಬೇಕೆಂದು ನನಗೆ ಅಂದೇ ಅನ್ನಿಸಿತ್ತು.

ಸೋತ ಮರುವಾರ ಸದಾಶಿವನನ್ನು ಕರೆದುಕೊಂಡು ಬರ್ಕಾದ ಅವರ ಕ್ಯಾಬಿನ್ನಿಗೆ ಹೋದೆ. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ; ತರುವಾಗ ದಾರಿಯಲ್ಲಿ ಅರ್ಧದಷ್ಟು ಬೈಗುಳ ಉದುರಿಹೋಗಿದೆ.

“ಸರ್, ನಾವೇ ಹೆಚ್ಚು ಜನ ಇದ್ದೀವಿ. ಆದ್ರೂ ಅವರೇ ಗೆಲ್ತಾರೆ. ಇದೆಂಥ ವ್ಯವಸ್ಥೆ?” ಎಂದ ಸದಾಶಿವ, ನನ್ನ ಕಡೆ ನೋಡುತ್ತ.

ವೆಸ್ಲಿ ಮೇಜು ಬಡಿದು ನಕ್ಕರು. “ನಮ್ಮ ದೇಶಕ್ಕೆ ಸ್ವಾಗತ! ಅದನ್ನು ಬಿಡು. ನೀನು ಅಲ್ಲಿ ಹೋಗಿ ಏನು ಹೇಳಿದೆ?”

ಸದಾಶಿವ ಹೇಳಿದ. ಅಕ್ಕಿಯ ಮಾತು ಬಂದಾಗ ವೆಸ್ಲಿ ಕಣ್ಣು ಮುಚ್ಚಿಕೊಂಡರು, ಹಲ್ಲುನೋವಿನವರ ಹಾಗೆ.

“ನಾನು ಒಂದು ವರ್ಷ ಊರೂರು ತಿರುಗಿ ರಸ್ತೆ, ಶಾಲೆ ಅಂತ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಒಂದು ಸಂಜೆ ಒಬ್ಬ ರೈತ ಎದ್ದು ಬಂದೂಕಿನ ಬಗ್ಗೆ ಕೇಳಿದ. ರಾಜಧಾನಿಯ ಪತ್ರಿಕೆಯಲ್ಲಿ ಓದಿದ ಒಂದು ಜಾಣ ವಾಕ್ಯ ಹೇಳಿಬಿಟ್ಟೆ. ಒಂದೇ ವಾಕ್ಯ. ಮರುದಿನದಿಂದ ನಾನು ರಸ್ತೆ ಅಂದರೂ ಅವರಿಗೆ ಬಂದೂಕೇ ಕೇಳಿಸುತ್ತಿತ್ತು. ನಿನ್ನ ಬಂದೂಕು ಆ ಕೆಂಪು ಅಕ್ಕಿ. ಅದರ ತಂಟೆಗೆ ಯಾಕೆ ಹೋದೆ? ಅಡುಗೆಮನೆಗೂ ಅದಕ್ಕೂ ಏನು ಸಂಬಂಧ?”

“ಸಂಬಂಧ ಇಲ್ಲ ಸರ್. ಆದ್ರೆ ನಾನು ಹೇಳಿದ್ದು ಸರಿಯೇ ಅಲ್ವಾ?”

“ಸರಿಯಾಗಿರುವುದು ಸುಲಭ. ನಾನು ಎರಡು ಸಲ ಸರಿಯಾಗಿದ್ದೆ.” ವೆಸ್ಲಿ ಚಹಾ ಸುರಿದರು. “ಕೇಳು. ಮತ ಬೇಡದ ದಿನಗಳಲ್ಲಿ ಅವರಲ್ಲಿಗೆ ಹೋಗು. ಅವರು ತಿನ್ನುವುದನ್ನು ತಿನ್ನು. ಅವರಿಗೆ ಏನು ಕಷ್ಟ ಅಂತ ಕಂಡುಹಿಡಿ. ನಿನ್ನ ಕಷ್ಟವನ್ನು ಅವರು ಕೇಳಬೇಕಾದರೆ ಅದೇ ಬಾಡಿಗೆ. ಮತ್ತೆ, ನಿನ್ನ ಸ್ನೇಹಿತನನ್ನು ನಿಲ್ಲಿಸಬೇಡ, ಅವರವನನ್ನೇ ನಿಲ್ಲಿಸು. ಅವರು ನಿನ್ನನ್ನು ಪ್ರೀತಿಸಬೇಕಾಗಿಲ್ಲ. ದ್ವೇಷಿಸಲು ಸ್ವಲ್ಪ ಕಷ್ಟವಾಗುವಂತೆ ಮಾಡು, ಸಾಕು.”

“ಇಷ್ಟೆಲ್ಲ ಮಾಡಿದ್ಮೇಲೆ ನೀವು ಗೆದ್ರಾ ಸರ್?”

“ಇಲ್ಲ. ಕಡಿಮೆ ಅಂತರದಲ್ಲಿ ಸೋತೆ. ಗೆದ್ದಿದ್ದರೆ ಈ ಸೆಕೆಯಲ್ಲಿ ನಿನಗೆ ಚಹಾ ಕೊಡುತ್ತಿದ್ದೆನೇ?”

ಅಲ್ಲಿಂದ ಸದಾಶಿವನ ಶುಕ್ರವಾರಗಳು ಗ್ಯಾರೇಜ್ ಬ್ಲಾಕಿಗೆ ಮೀಸಲಾದವು. ಮೊದಲ ವಾರ ಅವನನ್ನು ಕಂಡವರೆಲ್ಲ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಎರಡನೆಯ ವಾರ ಸಂಜೀವಣ್ಣ ಮಾತಾಡಿಸಿದರು.

“ಎಂತ ಸದಾಶಿವರೇ, ಚೀಟಿ ಕೇಳ್ಲಿಕ್ಕೆ ಬಂದದ್ದಾ?”

“ಊಟಕ್ಕೆ ಬಂದೆ ಸಂಜೀವಣ್ಣ.”

“ಇಲ್ಲಿ ವೈಜ್ಞಾನಿಕ ಊಟ ಇಲ್ಲ.” ಆದರೂ ತಟ್ಟೆ ಬಂತು. ಹಬೆಯಾಡುವ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅಡುಗೆಯ ಹಿರಿಯ ಪೌಲಣ್ಣ ಮಾಡುವ ಆ ಸಾರಿಗೆ ಆ ಬ್ಲಾಕಿನಲ್ಲಿ ದೇವರ ನಂತರದ ಸ್ಥಾನ. ಸದಾಶಿವ ಮನೆಯಲ್ಲಿ ಮೀನು ಕಂಡವನಲ್ಲ. ಸಾರನ್ನು ಬಿಟ್ಟು ಉಪ್ಪಿನಕಾಯಿ ಹಚ್ಚಿಕೊಂಡು ಅನ್ನವನ್ನು ತುತ್ತು ತುತ್ತಾಗಿ ನುಂಗಿ ನೀರು ಕುಡಿಯತೊಡಗಿದ.

“ಅದು ಮಾತ್ರೆ ಅಲ್ಲ ಮಾರಾಯ್ರೆ” ಎಂದರು ಸಂಜೀವಣ್ಣ. “ಅಗಿದು ತಿನ್ನಿ. ಅವಸರದವರಿಗೆ ಇದು ಆಗುದಿಲ್ಲ.”

ಇಡೀ ಬ್ಲಾಕು ನಕ್ಕಿತು. ಅವನೂ ನಕ್ಕ. ಆ ಬ್ಲಾಕಿನಲ್ಲಿ ಅವನಿಂದ ಆದ ಮೊದಲ ಒಳ್ಳೆಯ ಕೆಲಸ ಅದೇ.

ಹೋಗಿ ಬಂದು ಮಾಡುತ್ತ ಅವನಿಗೆ ಎರಡು ವಿಷಯ ತಿಳಿದವು. ಒಂದು, ಇವರ ವಿರೋಧ ಬರ್ಕಾದ ಅಡುಗೆಮನೆಗಲ್ಲ; ಪೌಲಣ್ಣನನ್ನು ಅಲ್ಲಿಗೆ ಒಯ್ಯುತ್ತಾರೆ, ತಮಗೆ ನೀರು ಸಾರು ಮಾಡುವ ಕಿರಿಯರು ಉಳಿಯುತ್ತಾರೆ ಎಂಬ ಭಯ. ಎರಡು, ಇವರಿಗೂ ಒಂದು ಕಷ್ಟವಿತ್ತು, ನನಗೆ ಕ್ಯಾಂಪ್ ಬಾಸ್ ಆಗಿ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕುದಿಯುತ್ತಿತ್ತು. ಕಚೇರಿಯವರು ಕೋಣೆಯೊಳಗಿನ ಗೀಜರಿನ ಸ್ವಿಚ್ಚು ಹಾಕದೆ ಅದರಲ್ಲೇ ನೀರು ತಣಿಸಿಕೊಂಡು ಮೀಯುತ್ತಿದ್ದರು. ಒಮಾನಿನಲ್ಲಿ ಜೂನಿನಿಂದ ಗೀಜರು ಎಂದರೆ ತಣ್ಣೀರಿನ ಯಂತ್ರ. ಗ್ಯಾರೇಜ್ ಬ್ಲಾಕಿಗೆ ಗೀಜರೇ ಇರಲಿಲ್ಲ. ಮೈತುಂಬ ಗ್ರೀಸು ಮೆತ್ತಿಕೊಂಡು ಬಂದ ಜನ ಬಕೆಟ್ಟುಗಳಲ್ಲಿ ನೀರು ತುಂಬಿಟ್ಟು, ಅದು ಆರುವವರೆಗೆ ಅಂಗಳದಲ್ಲಿ ಸಾಲಾಗಿ ಕುಳಿತಿರುತ್ತಿದ್ದರು.

“ಯಾಕೆ ನನಗೆ ಹೇಳಲಿಲ್ಲ?” ಎಂದು ನಾನು ಸಂಜೀವಣ್ಣನನ್ನು ಕೇಳಿದೆ.

“ನೀವು ಕೇಳ್ಲಿಲ್ಲ. ಮತ್ತೆ ಸೂರ್ಯನ ಮೇಲೆ ದೂರು ಕೊಡುವ ಪದ್ಧತಿ ನಮ್ಮಲ್ಲಿಲ್ಲ.”

ಸದಾಶಿವ ಟ್ಯಾಂಕುಗಳ ಮೇಲೆ ತಗಡಿನ ಚಪ್ಪರದ ನಕ್ಷೆ ಬರೆದ. ವೆಸ್ಲಿ ಬರ್ಕಾದಲ್ಲಿ ಉಳಿದಿದ್ದ ತಗಡು ಕಳಿಸಿದರು. ಅದರ ಉದ್ಘಾಟನೆಗೆ ನಾಲ್ಕು ಮಾತು ಸಿದ್ಧಪಡಿಸಿದ್ದೇನೆ ಎಂದು ಸದಾಶಿವ ಬಂದಾಗ ನಾನು ಆ ನಾಲ್ಕೂ ಮಾತುಗಳನ್ನು ಅವನ ಜೇಬಿಗೇ ವಾಪಸು ತುರುಕಿದೆ. ಇದು ಲಂಚವಲ್ಲವೇ ಎಂದು ಶಿಷ್ಟ ಓದುಗರು ಕೇಳಬಹುದು. ನಾನೂ ಈ ಬಗ್ಗೆ ಆಳವಾಗಿ ಚಿಂತಿಸಿದ್ದೇನೆ. ನೆರಳನ್ನು ಲಂಚವೆಂದು ಕರೆಯುವ ಕಾನೂನು ಮರುಭೂಮಿಯ ಯಾವ ದೇಶದಲ್ಲೂ ಇರಲಾರದು ಎಂಬ ತೀರ್ಮಾನಕ್ಕೆ ಬಂದು, ನಾನೇ ಮೊದಲು ಆ ನೀರಿನಲ್ಲಿ ಕೈಕಾಲು ತೊಳೆದುಕೊಂಡೆ.

ಮುಂದಿನ ವರ್ಷದ ಚೀಟಿಯ ಕಾಲ ಬಂತು. ಗ್ಯಾರೇಜ್ ಬ್ಲಾಕಿನವನೇ ಒಬ್ಬ ನಿಲ್ಲಬೇಕು. ಗೇರ್‌ಬಾಕ್ಸ್ ಮೆಕ್ಯಾನಿಕ್ ವಾಸು ಇದ್ದ, ಮಾತು ಕಡಿಮೆ. ಆಸ್ಪತ್ರೆ ಸೇರಿದ್ದ ದಯಾನಂದ ಅವನ ತಮ್ಮ.

“ಸಂಜೀವಣ್ಣನ ಎದುರು ನಿಲ್ಲುದಾ?” ವಾಸು ಸದಾಶಿವನ ಮುಂದೆ ತಲೆ ಕೊಡವಿದ. “ನನ್ನ ವೀಸಾ, ತಮ್ಮನ ವೀಸಾ, ಎರಡೂ ತರಿಸಿದ್ದು ಅವರು. ಕೇಳದೆ ನಿಂತ್ರೆ ಊರಲ್ಲಿ ನಮ್ಮ ಅಮ್ಮ ಮನೆಗೆ ಸೇರಿಸ್ಲಿಕ್ಕಿಲ್ಲ.”

“ಕೇಳಿದ್ರೆ ಅವರು ಬಿಡ್ತಾರಾ?”

“ಕೇಳದೆ ಹೇಗೆ ಗೊತ್ತಾಗುದು?”

ಹೀಗೆ, ಎದುರಾಳಿಯ ಅನುಮತಿ ಪಡೆದು ಎದುರಾಳಿಯಾಗಿ ನಿಲ್ಲುವ ಪದ್ಧತಿ ನಮ್ಮ ಕ್ಯಾಂಪಿನಲ್ಲಿ ಜಾರಿಗೆ ಬಂತು. ವಾಸು ಕೈ ತೊಳೆದು, ಅಂಗಿ ಬದಲಿಸಿ ಹೋದ. ಸಂಜೀವಣ್ಣ ಜೀಪಿನ ಕೆಳಗೆ ಮಲಗಿದ್ದರು. ಹೊರಗೆ ಬರಲಿಲ್ಲ. ಕೆಳಗಿನಿಂದಲೇ ಎಲ್ಲವನ್ನೂ ಕೇಳಿದರು. ಬೋಲ್ಟು ಬಿಗಿಯುವ ಸದ್ದು ಮಾತ್ರ ನಿಂತಿತ್ತು.

“ನಿಲ್ಲು” ಎಂದಿತು ಜೀಪು. “ಸೋತ್ರೆ ಮುಖ ಊದಿಸ್ಬಾರ್ದು. ಗೆದ್ರೆ ಕುಣಿಬಾರ್ದು. ಆ ಹದಿನೇಳರ ಸ್ಪ್ಯಾನರ್ ಕೊಡು.”

ಶುಕ್ರವಾರ ಊಟದ ಹೊತ್ತಿನಲ್ಲಿ ವಾಸು ಎದ್ದು ನಿಂತ. ಸದಾಶಿವ ಮೂಲೆಯಲ್ಲಿ ಕುಳಿತು ಅಗಿದು ತಿನ್ನುತ್ತಿದ್ದ. ಒಂದು ಮಾತೂ ಆಡಬಾರದೆಂದು ನನ್ನ ಆಜ್ಞೆ. ಪಾಲಿಸಲು ಅವನು ಪಟ್ಟ ಕಷ್ಟ ಮುಖದಲ್ಲಿ ಕಾಣುತ್ತಿತ್ತು.

“ಕುಚ್ಚಲಕ್ಕಿ ಇಲ್ಲಿಂದ ಎಲ್ಲಿಗೂ ಹೋಗುದಿಲ್ಲ” ಎಂದ ವಾಸು. “ಪೌಲಣ್ಣ ಹೋಗುದಿಲ್ಲ. ಖಮೀಸ್ ಸಾಹೇಬ್ರತ್ರ ನಾನೇ ಕೇಳಿ ಬಂದಿದ್ದೇನೆ. ಬರ್ಕಾದಲ್ಲಿ ನನ್ನ ತಮ್ಮ ಮಧ್ಯಾಹ್ನ ಉಪವಾಸ. ಅವನೂ ಕುಚ್ಚಲಕ್ಕಿಯವನೇ. ಅಷ್ಟೇ” ಎಂದು ಕುಳಿತ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲು ಮಾತ್ರ ಯಾರೂ ಏಳಲಿಲ್ಲ.

ತುಪ್ಪದ ಡಬ್ಬ ತೆರೆದು ಎಣಿಸಿದವನು ನಾನು. ಸಂಜೀವಣ್ಣ ಗೆದ್ದರು, ನಾಲ್ಕು ಚೀಟಿಗಳಿಂದ. ಹಿಂದಿನ ವರ್ಷದ ಮೂರು ಚೀಟಿಗಳನ್ನು ನೆನೆದರೆ ಇದು ಪವಾಡ. ಆದರೆ ಸೋಲು ಸೋಲೇ. ಡ್ರೈವರುಗಳೂ ಬಡಗಿಗಳೂ ಹಳಬರನ್ನೇ ಆರಿಸಿದ್ದರು. ಸಮಿತಿಯಲ್ಲಿ ಮತ್ತೆ ಮೂವರು ಆ ಕಡೆ, ಇಬ್ಬರು ಈ ಕಡೆ. ವಾಸು ಒಪ್ಪಂದದಂತೆ ಮುಖ ಊದಿಸಲಿಲ್ಲ. ಅವನ ಪಾಲಿನದನ್ನೂ ಸೇರಿಸಿ ಸದಾಶಿವ ಊದಿಸಿದ.

“ಒಂದು ವರ್ಷ ಅಗಿದೆ ಸಾರ್” ಎಂದ ನನ್ನ ಬಳಿ. “ಈ ಜನ ಬದಲಾಗಲ್ಲ. ದಯಾನಂದನಿಗೆ ಹೋಗಿ ಏನು ಹೇಳಲಿ?”

ವೆಸ್ಲಿಯವರಿಗೆ ಫೋನು ಮಾಡಿ ಅಂತರ ಹೇಳಿದೆ. ಆ ಕಡೆಯಿಂದ ಸಿಳ್ಳೆ ಕೇಳಿಸಿತು. “ನಾಲ್ಕೇ? ರಾವ್, ನಿಮ್ಮ ಸಂಜೀವ್ ಈ ರಾತ್ರಿ ನಿದ್ದೆ ಮಾಡುವುದಿಲ್ಲ ನೋಡಿ.”

(ವೆಸ್ಲಿಯವರ ವಿಚಾರವನ್ನು ಇಲ್ಲೇ ಮುಗಿಸುತ್ತೇನೆ. ಕರಾರು ಮುಗಿಸಿ ಊರಿಗೆ ಹೋದವರು ಮೂರನೆಯ ಸಲ ಒಂದು ಚುನಾವಣೆಗೆ ನಿಂತು ಗೆದ್ದರೆಂದು ಆಮೇಲೆ ತಿಳಿಯಿತು. ಶಾಸನಸಭೆಗಲ್ಲ, ಊರಿನ ಚರಂಡಿ ಮಂಡಲಿಗೆ. ಆ ಮತಪತ್ರದಲ್ಲಿ ಪಕ್ಷದ ಗುರುತು ಇರುವುದಿಲ್ಲವಂತೆ.)

ಸಮಿತಿ ಸೇರುವುದಕ್ಕೆ ಎರಡು ದಿನ ಮೊದಲು, ಬೆಳಗಿನ ಬರ್ಕಾ ಬಸ್ಸು ಹೊರಡುವಾಗ ಸಂಜೀವಣ್ಣ ಬಂದು ಹತ್ತಿ, ಅಂದು ಸೈಟಿಗೆ ಹೊರಟಿದ್ದ ನನ್ನ ಪಕ್ಕದಲ್ಲಿ ಕುಳಿತರು. ಕೆಲಸಕ್ಕೆ ರಜೆ ಹಾಕಿದ್ದರು.

“ಎಲ್ಲಿಗೆ ಸಂಜೀವಣ್ಣ?”

“ಗಾಡಿ ಸರಿ ಇಲ್ಲ ಅಂತ ಅರ್ಧ ಜನ ಹೇಳಿದ್ರೆ ಒಮ್ಮೆ ಓಡಿಸಿ ನೋಡ್ಬೇಕಲ್ವಾ.”

ಸೈಟಿನಲ್ಲಿ ಅವರು ಬೆಳಗಿನಿಂದ ಮಧ್ಯಾಹ್ನದವರೆಗೆ ಊಟದ ಡಬ್ಬಗಳನ್ನಿಟ್ಟ ತಗಡಿನ ಶೆಡ್ಡಿನ ಬಾಗಿಲಲ್ಲೇ ಕುಳಿತಿದ್ದರು, ಎಂಜಿನ್ ಬಿಸಿಯಾಗುವುದನ್ನು ಕಾಯುವವರ ಹಾಗೆ. ಊಟದ ಸಿಳ್ಳೆ ಕೇಳಿಸಿತು. ತಾವೇ ಒಂದು ಮುಚ್ಚಳ ತೆರೆದರು. ಆ ನಿಟ್ಟುಸಿರು ಬಂತು. ಬಗ್ಗಿ ಮೂಸಿದರು. ಬೆರಳಿನ ತುದಿಯಲ್ಲಿ ಸಾಂಬಾರು ತೆಗೆದು, ಹಳೆಯ ಗೇರ್ ಎಣ್ಣೆಯನ್ನು ಪರೀಕ್ಷಿಸುವ ಹಾಗೆ ಹೆಬ್ಬೆರಳಿಗೆ ಉಜ್ಜಿ ಎಳೆದು ನೋಡಿದರು. ಅದು ಎಳೆಯಾಗಿ ಬಂತು.

ಸ್ವಲ್ಪ ದೂರದಲ್ಲಿ ದಯಾನಂದ ಕಂಬದ ನೆರಳಿನಲ್ಲಿ ನೀರಿನ ಬಾಟಲಿ ಹಿಡಿದು ಕುಳಿತಿದ್ದ. ಸಂಜೀವಣ್ಣ ಹೋಗಿ ಎದುರು ನಿಂತರು.

“ಇಷ್ಟು ದಿನ ನನಗೆ ಯಾಕೆ ಹೇಳ್ಲಿಲ್ಲ ನೀನು?”

“ನಿಮಗೆ ಬೇಜಾರಾಗ್ತದೆ ಅಂತ ಅಣ್ಣ. ಅಡುಗೆ ಪೌಲಣ್ಣಂದಲ್ವಾ.”

ಸಂಜೀವಣ್ಣ ಬಸ್ಸಿನಲ್ಲಿ ವಾಪಸು ಬರುವಾಗ ಬೆರಳನ್ನು ಪ್ಯಾಂಟಿಗೆ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು.

ಸಮಿತಿಯ ಸಭೆಗೆ ಸದಾಶಿವ ದಪ್ಪನೆಯ ಭಾಷಣದೊಂದಿಗೆ ಬಂದಿದ್ದ. ಅದನ್ನು ಬಿಡಿಸುವ ಮೊದಲೇ ಸಂಜೀವಣ್ಣ ಕೈಯೆತ್ತಿದರು.

“ಬರ್ಕಾದಲ್ಲಿ ಅಡುಗೆಮನೆ ಆಗ್ಬೇಕು. ನಾನೇ ಹೇಳ್ತಾ ಇದ್ದೇನೆ. ಆದ್ರೆ ಒಂದು ಶರ್ತ ಉಂಟು. ಅಲ್ಲಿಯೂ ಕುಚ್ಚಲಕ್ಕಿ ಬೇಯಿಸ್ಬೇಕು. ಬಿಳಿ ಅಕ್ಕಿ ಬೇಕಾದವರಿಗೆ ಅದೂ ಮಾಡಿ, ನಮ್ಮದೇನೂ ಅಡ್ಡಿ ಇಲ್ಲ, ಅವರವರ ಹಣೆಬರಹ. ಇದಕ್ಕೆ ಯಾರು ಅನುಮೋದನೆ ಕೊಡ್ತೀರಿ?”

ಎಲ್ಲರೂ ಸದಾಶಿವನನ್ನು ನೋಡಿದರು. ಅವನು ಭಾಷಣವನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಕುಳಿತು, “ಕುಚ್ಚಲಕ್ಕಿಗೆ ನನ್ನ ಅನುಮೋದನೆ” ಎಂದ. ಐದಕ್ಕೆ ಐದು. ಖಮೀಸ್ ಒಳಗೆ ಇಣುಕಿ, “ಖಲಾಸ್?” ಎಂದರು. “ಖಲಾಸ್” ಎಂದೆ. ಗಲಾಟೆಯಿಲ್ಲದ್ದನ್ನು ಕಂಡು ಅವರಿಗೆ ಸ್ವಲ್ಪ ಅನುಮಾನವೇ ಆಯಿತು.

ಅಡುಗೆಮನೆ ಎದ್ದಿತು. ಮೊದಲ ದಿನ ಪೌಲಣ್ಣನೇ ಬಂದು ಒಲೆ ಹೊತ್ತಿಸಿ, ಕಿರಿಯರಿಗೆ ಅಳತೆ ತೋರಿಸಿ ಹೋದ. ಮಧ್ಯಾಹ್ನ ಉದ್ದನೆಯ ಬೆಂಚುಗಳ ಮೇಲೆ ಜನ ಕುಳಿತರು. ಹಬೆಯಿಂದಾಗಿ ಎದುರಿನವರ ಮುಖ ಕಾಣದು. ನಾನೂ ಸದಾಶಿವನೂ ಬಾಗಿಲಲ್ಲಿ ನಿಂತು, ಜನ ಏನು ಹೇಳುತ್ತಾರೋ ಎಂದು ಕಿವಿಯಾಗಿದ್ದೆವು. ಅವನಂತೂ ಒಂದು ಸಣ್ಣ ಧನ್ಯವಾದಕ್ಕೆ ಮುಖ ಸಿದ್ಧಪಡಿಸಿಕೊಂಡಿದ್ದ.

ದಯಾನಂದ ಮೊದಲ ತುತ್ತು ಬಾಯಿಗಿಟ್ಟ. ಅಗಿದ. ತಲೆಯೆತ್ತಿದ.

“ಸಾಂಬಾರಿಗೆ ಉಪ್ಪು ಎಂತಕ್ಕೆ ಸಾಲ್ದು?”

“ಹೌದು ಮಾರಾಯ” ಎಂದ ಪಕ್ಕದವನು. “ಇದೆಂಥ ಅಡುಗೆ!” ಎಂದ ಅದರಾಚೆಯವನು. ಬೆಂಚಿನಿಂದ ಬೆಂಚಿಗೆ ದೂರು ಹಬ್ಬಿತು. ಬದನೆಕಾಯಿ ಬೆಂದಿಲ್ಲ, ಹಪ್ಪಳ ಇಲ್ಲ, ವಾದಿ ಕಬೀರಿನಲ್ಲಿ ಇದಕ್ಕಿಂತ ಚೆನ್ನಾಗಿರುತ್ತದೆ. ಹೇಳುತ್ತ ಹೇಳುತ್ತ ಎಲ್ಲರೂ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

“ನೋಡಿದ್ರಾ ಸಾರ್!” ಸದಾಶಿವನ ಮುಖ ಕೆಂಪಾಯಿತು. “ಒಂದೂವರೆ ವರ್ಷ ಒದ್ದಾಡಿದ್ದಕ್ಕೆ ಉಪ್ಪಂತೆ, ಹಪ್ಪಳವಂತೆ!”

ಈ ಕೆಲಸಕ್ಕೆ ಹೊರಟ ಮಕ್ಕಳೇ, ಹಳಸಿದ ಊಟಕ್ಕೆ ಉಪ್ಪು ಸಾಲದೆಂದು ಯಾರೂ ದೂರುವುದಿಲ್ಲ. ಅದನ್ನು ಸದಾಶಿವನಿಗೆ ವಿವರಿಸಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ನನ್ನ ಪಕ್ಕದಲ್ಲಿರಲಿಲ್ಲ. ಒಳಗೆ ಹೋಗಿ ಉಪ್ಪಿನ ಡಬ್ಬ ಹಿಡಿದುಕೊಂಡು ಬಂದು, ಸಾಲಿನ ಮೊದಲ ತಟ್ಟೆಯ ಮುಂದೆ ಬಗ್ಗಿದ್ದ.

“ಎಷ್ಟು ಹಾಕ್ಲಿ?” ಎಂದು ದಯಾನಂದನನ್ನು ಕೇಳುತ್ತಿದ್ದ.